ಕೋರ್ಸ್ ಮುಗೀತು, ಆದ್ರ ನಮ್ಮ ಮನಿಗೆ ಬೇಕಾದದ್ದೇ ನಾಯಿಗೆ ಬರವಲ್ದು

ಮಾಳಮಡ್ಡಿ_ಪಡಸಾಲಿ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ. ಧಾರವಾಡದಾಗ ನಮ್ದು ಹಳೇ ಮನಿ. ಮುಂದ ಕಟ್ಟಿ, ನಡುವ ಪಡಸಾಲಿ, ಹಿಂದ ಗ್ವಾಡಿ ಇರೋ ಹಿತ್ತಲ. ನಾಯಿ ಮುಧೋಳ ಕ್ರಾಸ್, ಗಂಡು, 11 ತಿಂಗಳು, 21 ಕೆ.ಜಿ. ಅತ್ತಿಯವರಿಗೆ 76 ವರ್ಷ, ಮೊಣಕಾಲು ನೋವು, ಬಡಿಗಿ ಹಿಡಕೊಂಡು ಅಡ್ಡಾಡತಾರ. ಮಕ್ಕಳಿಗೆ 6 ಮತ್ತ 9. ನಾವಿಬ್ಬರೂ 9:30ಕ್ಕ ಹೋದ್ರ ಸಂಜಿ 6ಕ್ಕ ಬರೋದು.

ಟ್ರೇನರ್ ಒಬ್ಬರು ತಿಂಗಳಗಟ್ಟಲೆ ಮನಿಗೆ ಬಂದು ಸಿಟ್, ಡೌನ್, ಹೀಲ್ (ನಮ್ಮ ಕಾಲಿನ ಬಾಜೂಕ ನಡಿಯೋದು), ಶೇಕ್‌ಹ್ಯಾಂಡ್ ಕಲಿಸ್ಯಾರ. ಅವರು ಎದುರಿಗಿದ್ರ ಎಲ್ಲಾ ಮಾಡತದ. ಅವರು ಹೋದ ಮ್ಯಾಲ ಬಾಗಿಲಿಗೆ ಯಾರು ಬಂದರೂ ಎದಿ ಮ್ಯಾಲ ಜಿಗೀತದ, ಅತ್ತಿಯವರನ್ನೂ ಬಿಡಂಗಿಲ್ಲ. ಅಡಗಿಮನಿ, ದೇವರಮನಿ ಒಳಗ ಹೊಕ್ಕೋತದ, ಇದಕ್ಕ ದಿನಾ ಜಗಳ. ಗೇಟ್ ತಗದ್ರ ಸಾಕು, ಬೆಕ್ಕು ಕಂಡರ ಬೆಕ್ಕಿನ ಹಿಂದ, ಬೈಕ್ ಕಂಡರ ಬೈಕಿನ ಹಿಂದ. ಹಾಲಿನವ, ಕೊರಿಯರ್‌ದವ ಬಂದರ ಬೊಗಳೋದು ನಿಲ್ಲಂಗಿಲ್ಲ.

ಬಾಜೂ ಮನಿ ಲ್ಯಾಬ್ರಡಾರ್ ಇವು ಯಾವೂ ಮಾಡಂಗಿಲ್ಲ. ತಪ್ಪು ನಾಯೀದೋ, ನಾವು ಕೇಳೋದರಾಗ ಅದನೋ? ಯಾವದು ಮೊದಲು ಕಲಿಸಬೇಕು, ಎಷ್ಟು ಆಸೆ ಇಟಗೋಬೇಕು? ಮನ್ಯಾಗ ಶಾಖಾಹಾರ, ಚಿಕನ್ ತರಂಗಿಲ್ಲ.

ಹೊಸ್ತಿಲು

ಅಕ್ಕಾರ, ಕೋರ್ಸಿನ ಪಟ್ಟಿಯನ್ನು ಪಕ್ಕಕ್ಕಿಡಿ. ಅದು ಎಲ್ಲ ಮನೆಗೂ ಒಂದೇ ಆಗಿರುವ ಪಟ್ಟಿ. ನಿಮ್ಮ ಮನೆಯ ಒಂದು ದಿನವನ್ನು ಹಾಳೆಯ ಮೇಲೆ ಬರೆಯಿರಿ: ಬಾಗಿಲು ಎಷ್ಟೆಷ್ಟು ಹೊತ್ತಿಗೆ ತೆರೆಯುತ್ತದೆ, ಆಗ ಯಾರು ಎಲ್ಲಿರುತ್ತಾರೆ, ನಾಯಿಯ ಮೇಲೆ ಕಣ್ಣಿಡುವವರು ಯಾರೂ ಇಲ್ಲದ ಹೊತ್ತು ಯಾವುದು. ಯಾವುದರಿಂದ ಯಾರಿಗಾದರೂ ಪೆಟ್ಟಾಗಬಹುದೋ ಅದು ಮೊದಲು. ಅಂದರೆ ಜಿಗಿಯುವುದು ಮತ್ತು ಗೇಟ್. ಮನೆಯ ನೆಮ್ಮದಿ ಕೆಡಿಸುವುದು ಎರಡನೆಯದು, ಅಂದರೆ ಅಡುಗೆಮನೆ, ದೇವರಮನೆ. ಬೊಗಳುವುದು ಆಮೇಲೆ. ಹೀಲ್ ಸದ್ಯಕ್ಕೆ ಬೇಡವೇ ಬೇಡ.

ಶೇಕ್‌ಹ್ಯಾಂಡ್ ಅನ್ನು ಮಾತ್ರ ಇವತ್ತೇ ನಿಲ್ಲಿಸಿ. ಮುಂಗಾಲು ಎತ್ತಿ ಮನುಷ್ಯರ ಮೈಮೇಲೆ ಇಟ್ಟರೆ ತಿನ್ನಲು ಸಿಗುತ್ತದೆ ಎಂದು ಕಲಿತ ನಾಯಿ, ಕುರ್ಚಿಯಲ್ಲಿ ಕೂತ ಹಿರಿಯರ ತೊಡೆಯನ್ನೂ ಹಾಗೇ ಕೆರೆಯುತ್ತದೆ. ಬಡಿಗೆ ಹಿಡಿದು ನಡೆಯುವವರಿರುವ ಮನೆಯಲ್ಲಿ ಅದನ್ನು ಕಲಿಸಲೇಬಾರದಿತ್ತು.

ಜಿಗಿಯುವುದಕ್ಕೆ ಕಾರಣ ಸರಳ. ನಾಯಿ ಮುಖ ಮೂಸಿ ಮಾತಾಡಿಸಲು ಮೇಲೇರುತ್ತದೆ. ನೀವು ಕೈಯಿಂದ ನೂಕುತ್ತೀರಿ, ಮಕ್ಕಳು ಕೂಗಿ ಓಡುತ್ತಾರೆ. ಅದಕ್ಕೆ ಅದೆಲ್ಲ ಆಟ. 'ಬೇಡ' ಎಂಬುದನ್ನು ನಾಯಿ ಮಾಡಿ ತೋರಿಸಲಾರದು. ಬದಲಿಗೆ ಏನು ಮಾಡಬೇಕೆಂದು ಕಲಿಸಬೇಕು. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಹಾಕಿ, ಬಾಗಿಲಿನಿಂದ ಎಂಟು-ಹತ್ತು ಅಡಿ ದೂರ, ಪಡಸಾಲೆಯ ಕಂಬದ ಹತ್ತಿರ ಹಾಸಿ. ಬಾಗಿಲು ಸದ್ದಾದರೆ ನಾಯಿಯ ಜಾಗ ಅದು.

ಮೊದಲ ಎರಡು-ಮೂರು ದಿನ ಮಾತೇ ಬೇಡ. ಕೌದಿಯ ಮೇಲೆ ಕಾಲಿಟ್ಟ ಕ್ಷಣ 'ಹ್ಞಾಂ' ಎನ್ನಿ, ತಿನಿಸಿನ ತುಣುಕನ್ನು ಅದರ ಮುಂಗಾಲುಗಳ ನಡುವೆ ಕೌದಿಯ ಮೇಲೆಯೇ ಹಾಕಿ. ಕೈಯಿಂದ ಕೊಟ್ಟರೆ ನಾಯಿ ನಿಮ್ಮ ಕೈ ಹಿಂದೆ ಬರುತ್ತದೆ, ಕೌದಿ ಮರೆಯುತ್ತದೆ. ಒಂದು ಸಲಕ್ಕೆ ಹತ್ತು ತುಣುಕು, ಮೂರು ನಿಮಿಷ, ದಿನಕ್ಕೆ ಮೂರು ಸಲ. ಅದಕ್ಕಿಂತ ಎಳೆದರೆ ಮುಧೋಳ ಮುಖ ತಿರುಗಿಸಿ ಹೋಗುತ್ತದೆ. ತಾನಾಗಿ ಕೌದಿಗೆ ಹೋಗಿ ನಿಲ್ಲತೊಡಗಿದ ಮೇಲೆ 'ಜಾಗಾ' ಎಂಬ ಮಾತು ಸೇರಿಸಿ. ಆಮೇಲೆ ಹೊತ್ತು: 3 ಸೆಕೆಂಡು, 5, 2, 8, 4, 12. ಏರುತ್ತಲೇ ಹೋಗಬೇಡಿ, ನಡುವೆ ಸುಲಭದ್ದೂ ಇರಲಿ. ಆಮೇಲೆ ದೂರ: ಒಂದು ಹೆಜ್ಜೆ ಹೋಗಿ ತಿರುಗಿ ಬಂದು ಕೊಡಿ.

ಬಾಗಿಲ ಕೆಲಸ ಕೊನೆಗೆ, ಅದನ್ನೂ ಚೂರು ಚೂರಾಗಿ ಮಾಡಿ. ಚಿಲಕ ಮುಟ್ಟಿ ಬಂದು ಕೊಡಿ. ಚಿಲಕ ಸದ್ದು ಮಾಡಿ ಬಂದು ಕೊಡಿ. ಗೇಣಗಲ ತೆರೆಯಿರಿ, ಪೂರ್ತಿ ತೆರೆಯಿರಿ. ಮನೆಯವರೇ ಹೊರಗೆ ನಿಲ್ಲಲಿ, ತಟ್ಟಲಿ, ಗಂಟೆ ಒತ್ತಲಿ. ಅಪರಿಚಿತರು ಎಲ್ಲಕ್ಕಿಂತ ಕೊನೆಗೆ. ಹತ್ತರಲ್ಲಿ ಎಂಟು ಸಲ ಸರಿಯಾದರೆ ಮುಂದಿನ ಮೆಟ್ಟಿಲು. ಬೆನ್ನು ಬೆನ್ನಿಗೆ ಎರಡು ಸಲ ತಪ್ಪಿದರೆ ಒಂದು ಮೆಟ್ಟಿಲು ಹಿಂದೆ. ಸಾಮಾನ್ಯವಾಗಿ ಕೆಡುವುದು ಇಲ್ಲೇ. ಖಾಲಿ ಪಡಸಾಲೆಯಲ್ಲಿ ಚೆನ್ನಾಗಿ ಬಂತೆಂದು ಮರುದಿನವೇ ಹಾಲಿನವನ ಎದುರು ಪರೀಕ್ಷೆ ಮಾಡುತ್ತಾರೆ, ನಾಯಿ ಹಾರುತ್ತದೆ, 'ಇದಕ್ಕೆ ಬುದ್ಧಿ ಇಲ್ಲ' ಎನ್ನುತ್ತಾರೆ.

ಕಲಿಯುವವರೆಗೆ ಜಿಗಿಯಲು ಅವಕಾಶವೇ ಇರಬಾರದು. ಕಂಬಕ್ಕೆ ನಾಲ್ಕಡಿ ಹಗ್ಗ ಕಟ್ಟಿಡಿ, ಬಾಗಿಲು ತೆರೆಯುವ ಮುಂಚೆ ಕೊಕ್ಕೆ ಹಾಕಿ, ಬಂದವರು ಕೂತ ಮೇಲೆ ಬಿಚ್ಚಿ. ಯಾರೂ ಇಲ್ಲದಾಗ ಹೀಗೆ ಕಟ್ಟಿ ಹೋಗಬೇಡಿ.

ಶಾಖಾಹಾರಕ್ಕೆ ಚಿಂತೆ ಬೇಡ. ಪನೀರನ್ನು ಬಟಾಣಿ ಕಾಳಿನಷ್ಟು ಹೆಚ್ಚಿದರೆ ಬಾಗಿಲ ಕೆಲಸಕ್ಕೂ ಸಾಲುತ್ತದೆ. ಮನೆಯೊಳಗೆ ಸುಮ್ಮನಿರುವ ಹೊತ್ತಿಗೆ ಉಪ್ಪು ಹಾಕದ ಜೋಳದ ರೊಟ್ಟಿ ಚೂರು, ನಾಲ್ಕಾರು ಪುಟಾಣಿ ನಡೆಯುತ್ತದೆ (ಪುಟಾಣಿ ಹೆಚ್ಚಾದರೆ ಹೊಟ್ಟೆ ಉಬ್ಬರ). ಪೇಢೆ ಬೇಡ, ಧಾರವಾಡದ್ದಾದರೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಪಲ್ಯವೂ ಕೂಡದು. ತುಣುಕುಗಳೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಈಗ ಅಡುಗೆಮನೆ. ಮಡಿ ಎಂದರೇನು ಎಂದು ನಾಯಿಗೆ ಗೊತ್ತಾಗದು, ಹೊಸ್ತಿಲು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಹಳೆಯ ಮನೆಗಳ ಎತ್ತರದ ಕಟ್ಟಿಗೆ ಹೊಸ್ತಿಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಗ್ಗ ಹಾಕಿ ಹೊಸ್ತಿಲವರೆಗೆ ಕರೆತನ್ನಿ, ನೀವು ದಾಟಿ ಒಳಗೆ ನಿಂತು ಅದರ ಕಡೆ ತಿರುಗಿ. ಕಾಲು ಒಳಗಿಟ್ಟರೆ ಮಾತಾಡದೆ ಒಂದು ಹೆಜ್ಜೆ ಮುಂದೆ ಬಂದು ಅಡ್ಡ ನಿಲ್ಲಿ. ಹಿಂದೆ ಸರಿದ ಕೂಡಲೇ ತುಣುಕನ್ನು ಅದರ ಬೆನ್ನ ಹಿಂದೆ, ಪಡಸಾಲೆಯತ್ತ ಎಸೆಯಿರಿ. ತಿನ್ನುವುದು ಸಿಗುವುದು ಹೊಸ್ತಿಲ ಆಚೆಯೇ ಎಂದು ಅದಕ್ಕೆ ಲೆಕ್ಕ ಸಿಗಬೇಕು. ಎರಡು-ಮೂರು ವಾರ ಸಾಕು, ಆದರೆ ಒಂದು ಷರತ್ತು. ವಾರಕ್ಕೊಮ್ಮೆ ಯಾರೋ ಒಬ್ಬರು ಒಲೆ ಹತ್ತಿರದಿಂದ ಚಪಾತಿ ಚೂರು ಎಸೆದರೂ ನಿಯಮ ಮುಗಿಯಿತು. ಎಂದೋ ಒಮ್ಮೆ ಸಿಗುವುದಕ್ಕೇ ನಾಯಿ ಹೆಚ್ಚು ಹೊತ್ತು ಕಾಯುತ್ತದೆ.

ನಿಯಮ ಮಾಡುವಾಗ ಅಳತೆಗೋಲು ನೀವಲ್ಲ, ನಿಮ್ಮ ಅತ್ತೆಯವರು. ಮನೆಯಲ್ಲಿ ನಾಯಿಗಾಗಿ ಎಲ್ಲರಿಗಿಂತ ಕಡಿಮೆ ಮಾಡುವವರು ಯಾರೋ ಅವರಿಂದ ಆಗುವಷ್ಟೇ ನಿಯಮ ಇರಲಿ. ಅವರು ಅದನ್ನು ಮುಟ್ಟಬೇಕಿಲ್ಲ, ಕಲಿಸಬೇಕಿಲ್ಲ. ಅಡುಗೆಮನೆಯಿಂದ ಏನೂ ಹಾಕದಿರುವುದು ಒಂದು, ನಾಯಿ ಹತ್ತಿರ ಬಂದರೆ ಅಂಗೈ ಅಡ್ಡ ಹಿಡಿದು ನಿಲ್ಲುವುದು ಇನ್ನೊಂದು. ಈ ಎರಡಕ್ಕೆ ಒಪ್ಪಿಸಿದರೆ ಸಾಕು.

ಎರಿಹೊಲ_ಗದಗ

ಹೊಸ್ತಿಲು ಅವರು ಹೇಳಿದ್ದು ಪ್ಯಾಟಿ ಮನಿಗೆ ಬರೋಬರಿ ಐತಿ. ಬೆನ್ನಟ್ಟೋ ವಿಷಯ ನಾ ಹೇಳತೀನಿ.

ಮುಧೋಳ ನಾಯಿ ಮೂಗಿನಿಂದಲ್ಲ, ಕಣ್ಣಿನಿಂದ ಬ್ಯಾಟಿ ಆಡೋ ಜಾತಿ. ಮೊಲ ಹಿಡಿಯಾಕ ತಲಿತಲಾಂತರದಿಂದ ಆರಿಸಿ ಆರಿಸಿ ಬೆಳೆಸ್ಯಾರ. ಓಡೋದು ಕಂಡರ ಓಡೋದು ಅದರ ರಕ್ತದಾಗ ಐತಿ. ಲ್ಯಾಬ್ರಡಾರ್ ಬ್ಯಾಟಿಗಾರನ ಬಾಜೂ ಕುಂತು, ಹೇಳಿದ ಮ್ಯಾಲ ಹೋಗಿ, ಬಿದ್ದ ಹಕ್ಕಿ ತಂದು ಕೈಯಾಗ ಕೊಡಾಕ ಬೆಳೆಸಿದ್ದು. ಅದಕ್ಕ ಮನಶ್ಯಾರ ಮಾರಿ ನೋಡೋದು ಹುಟ್ಟಾ ಬಂದೈತಿ. ಎರಡನ್ನೂ ಬಾಜೂ ಬಾಜೂ ಇಟ್ಟು ತೂಗಬ್ಯಾಡ್ರಿ. ಕ್ರಾಸ್ ಅಂದ್ರೂ ನಿಮ್ಮದರಾಗ ಅದ ಗುಣ ಮ್ಯಾಲೈತಿ ಅಂತ ನೀವು ಬರದದ್ದು ನೋಡಿದ್ರ ಗೊತ್ತಾಕ್ಕೈತಿ.

ಹಂಗಾಗಿ ಆಸೆ ಇಷ್ಟ ಇಟಗೋರಿ: ಹಿತ್ತಲದಾಗ ಕರದ್ರ ಬರಬೇಕು. ಅದು ಆಕ್ಕೈತಿ. ರಸ್ತೆದಾಗ ಹಗ್ಗ ಬಿಟ್ಟು, ಬೆಕ್ಕಿನ ಹಿಂದ ಓಡೋ ಹೊತ್ತಿನ್ಯಾಗ ಕರದ್ರ ಬರಬೇಕು ಅನ್ನೋದು ಬಿಡ್ರಿ. ಆ ಹೊತ್ತಿಗೆ ಅದರ ಕಿವಿ ಕೇಳಂಗಿಲ್ಲ ಅಂತನ ತಿಳಕೋರಿ. ಕೊಕ್ಕಿ ಹಾಕದ ಗೇಟ್ ತಗಿಯಂಗಿಲ್ಲ, ಇದು ನಾಯಿಗೆ ಅಲ್ಲ, ಮನಿ ಮಂದಿಗೆ ಕಲಿಸೋ ಪಾಠ. ಗೇಟಿಗೆ ಒಳಗಿನ ಕಡೆ ಇನ್ನೊಂದು ಜಾಳಗಿ ಬಾಗಲಾ ಇದ್ರ ಚಲೋ. ಮೂರು ಅಡಿ ಗೇಟ್ ಈ ಜಾತಿಗೆ ಏನೂ ಅಲ್ಲ, ನಿಂತಲ್ಲಿಂದನ ಜಿಗಿತೈತಿ. ಐದು ಅಡಿಗೆ ಕಮ್ಮಿ ಬ್ಯಾಡ.

ಓಡೋ ಹಸಿವಿ ಅದಕ್ಕ ಇದ್ದ ಇರ್ತೈತಿ, ಅದನ್ನ ಹಿತ್ತಲದಾಗ ತೀರಸ್ರಿ. ಐದು ಅಡಿ ಬಿದರಿನ ಕೋಲು, ತುದಿಗೆ ಆರು ಅಡಿ ಹಗ್ಗ, ಹಗ್ಗದ ತುದಿಗೆ ಹಳೇ ಅರಿವಿ ಗಂಟು. ನೆಲದ ಮ್ಯಾಲ ಎಳದಾಡಸ್ರಿ, ಗಾಳ್ಯಾಗ ಎತ್ತಬ್ಯಾಡ್ರಿ. 11 ತಿಂಗಳಿಗೆ ಕೀಲು ಇನ್ನೂ ಬಲಿತಿರಂಗಿಲ್ಲ, ಎತ್ತರಕ್ಕ ಜಿಗಿದು ತಿರುವಿ ಬೀಳಬಾರದು. ಫರಸಿ ಮ್ಯಾಲ, ಟೈಲ್ಸ್ ಮ್ಯಾಲ ಆಡಸಬ್ಯಾಡ್ರಿ. ಐದು ನಿಮಿಷ ಆಡಸ್ರಿ, ನಡುನಡುವ ಕೋಲು ನಿಲ್ಲಿಸಿ 'ಬಿಡು' ಅನ್ರಿ, ಬಿಟ್ಟ ಕೂಡಲೆ ಮತ್ತ ಶುರು ಮಾಡ್ರಿ. ಬಿಟ್ಟರ ಆಟ ಮತ್ತ ಬರ್ತೈತಿ ಅಂತ ಅದಕ್ಕ ತಿಳೀತೈತಿ. ಅಡ್ಡಾಡಸಾಕ ಬ್ಯಾಸಗ್ಯಾಗ ಮುಂಜಾನೆ ಏಳರೊಳಗ ಹೋಗಿ ಬರ್ರಿ. ಡಾಂಬರಿನ ಮ್ಯಾಲ ಹಿಂಗೈ ಐದಾರು ಸೆಕೆಂಡ್ ಇಡಾಕ ಆಗಲಿಲ್ಲಂದ್ರ ನಾಯಿ ಕಾಲಿಗೂ ಆಗಂಗಿಲ್ಲ.

ನಮ್ಮ ಕಡೆ ಹೊಲದ ಮನಿಯವರಿಗೆ ಇದ ಲೆಕ್ಕ ತಿರುಗಾ ಮುರುಗಾ. ಅವರಿಗೆ ಬೊಗಳೋ ನಾಯಿ ಬೇಕು, ಕೌದಿ ಬ್ಯಾಡ. ಆದ್ರ ಕುರಿ, ಕೋಳಿ ಮುಟ್ಟಬಾರದು, ಬಿದ್ದದ್ದು ತಿನ್ನಬಾರದು (ಬೀಜಕ್ಕ ಹಚ್ಚೋ ಔಷಧ, ಇಲಿ ಪಾಷಾಣ). ಅಂಥಲ್ಲಿ ಮರಿ ಎಂಟು-ಹತ್ತು ವಾರದ್ದಿದ್ದಾಗಿಂದ 30 ಅಡಿ ಹಗ್ಗದ ಮ್ಯಾಲ ಕುರಿ ಕಣ್ಣಿಗೆ ಬೀಳೋ ದೂರದಾಗ ನಿಂದ್ರಿಸಿ, ಕುರಿ ನೋಡಿ ನಿಮ್ಮ ಕಡೆ ತಿರುಗಿದಾಗೆಲ್ಲಾ ಕೊಡ್ರಿ. ಗಿಡಕ್ಕ ಗಿಡ್ಡ ಸರಪಳಿ ಹಾಕಿ ಕಟ್ಟಿದ್ರ ಕಾವಲು ಚಲೋ ಮಾಡತೈತಿ ಅನ್ನೋದು ಸುಳ್ಳು. ಹಂಗ ಕಟ್ಟಿದ್ದು ಗಾಳಿಗೂ ಬೊಗಳತೈತಿ, ಮನಿ ಮಂದಿಗೂ ಬಾಯಿ ಹಾಕತೈತಿ. ಕಟ್ಟಲೇಬೇಕಂದ್ರ ಎರಡು ಕಂಬಕ್ಕ ತಂತಿ ಎಳದು, ತಂತಿ ಮ್ಯಾಲ ಓಡೋ ಬಳಿಗೆ ತಿರುಗೋ ಕೊಂಡಿ ಇರೋ ಸರಪಳಿ ಹಾಕ್ರಿ. ಕಂಬದ ಹತ್ರ ತಂತಿಗೆ ತಡೆ ಇರ್ಲಿ, ಇಲ್ಲಂದ್ರ ಸುತ್ತಿಕೊಂಡು ಸಿಕ್ಕಿ ಬೀಳತೈತಿ. ನೆಳ್ಳು, ನೀರು ಸರಪಳಿ ಮುಟ್ಟೋ ಅಳತ್ಯಾಗ ಇರ್ಲಿ.

ಸಪ್ತಾಪುರ_ಕಾಕಾ

ಇಷ್ಟೆಲ್ಲಾ ಯಾಕ್ರೀ? ಬಡಿಗಿ ತಗೊಂಡು ಎರಡು ಕೊಟ್ರ ಜಿಗಿಯೋದೂ ಬಿಡತದ, ಬೊಗಳೋದೂ ಬಿಡತದ. ಮೊದಲಿನವರು ಪನೀರ್ ಕೊಟ್ಟು ನಾಯಿ ಸಾಕಿದ್ರೇನು?

ಹೊಸ್ತಿಲು

ಕಾಕಾ ಅವರೇ, ಈ ಮನೆಯಲ್ಲಿ ಬಡಿಗೆ ಹಿಡಿದು ಓಡಾಡುವವರು ಯಾರು ಎಂದು ಇನ್ನೊಮ್ಮೆ ಓದಿ. ಬಡಿಗೆಯ ಪೆಟ್ಟು ತಿಂದ ನಾಯಿ ಅತ್ತೆಯವರ ಬಡಿಗೆ ಕಂಡಾಗ ಒಂದೋ ಓಡುತ್ತದೆ, ಇಲ್ಲವೇ ಬಡಿಗೆಗೇ ಬಾಯಿ ಹಾಕುತ್ತದೆ. ಎರಡರಲ್ಲಿ ಯಾವುದಾದರೂ ಅವರು ಬೀಳುತ್ತಾರೆ.

ಪೆಟ್ಟು ಕೆಲಸ ಮಾಡುವುದು ಪೆಟ್ಟು ಕೊಡುವವರು ಎದುರಿಗಿದ್ದಾಗ. ಇಲ್ಲಿ ಮುಂಜಾನೆಯಿಂದ ಸಂಜೆವರೆಗೆ ಎದುರಿಗಿರುವುದು ಅಜ್ಜಿ ಮತ್ತು, ಶಾಲೆ ಬಿಟ್ಟ ಮೇಲೆ, ಎರಡು ಮಕ್ಕಳು. ಇನ್ನೊಂದು ಮಾತು: ಗುರ್ ಎಂದಾಗ ಹೊಡೆದರೆ ಗುರ್ ಎನ್ನುವುದು ನಿಲ್ಲುತ್ತದೆ, ಒಳಗಿನ ಸಿಟ್ಟು ನಿಲ್ಲದು. ಮುಂದೆ ಸೂಚನೆ ಕೊಡದೆ ಕಚ್ಚುತ್ತದೆ. ಮಕ್ಕಳಿರುವ ಮನೆಯಲ್ಲಿ ಗುರ್ ಎನ್ನುವ ನಾಯಿಯೇ ಎಷ್ಟೋ ವಾಸಿ.

ಮಾಳಮಡ್ಡಿ_ಪಡಸಾಲಿ

ಶೇಕ್‌ಹ್ಯಾಂಡ್ ವಿಷಯ ಹೊಳದೇ ಇರಲಿಲ್ಲ. ಅತ್ತಿಯವರು ಒಪ್ಯಾರ, 'ಒಳಗ ಬರಲಿಲ್ಲಂದ್ರ ಸಾಕು, ಹೊರಗ ಏನರ ಮಾಡ್ಕೋರಿ' ಅಂದ್ರು.

ಇನ್ನೂ ನಾಲ್ಕು ಕೇಳೋದದ. ನಾ 'ಸಿಟ್' ಅಂತೀನಿ, ಮಕ್ಕಳು 'ಕುಂದ್ರು', ನಮ್ಮ ಮನಿಯವರು 'ಬೈಠ್' ಅಂತಾರ, ಇದರಿಂದ ಏನರ ಆಗತದೇನು? ಸಣ್ಣಾಕಿ ಕೂಗಿ ಓಡೋದು ಬಿಡಂಗಿಲ್ಲ, ಆಕೀಗೆ ಏನು ಹೇಳಬೇಕು? ನಾವಿಲ್ಲದಾಗ ನಾಯಿ ಎಲ್ಲಿರಬೇಕು? ಈಗ ಪಡಸಾಲ್ಯಾಗ ಬಿಟ್ಟೇ ಹೋಗತೀವಿ. ಮತ್ತ ಮರಿ ಆಗದಂಗ ಆಪರೇಷನ್ ಮಾಡಿಸಿದ್ರ ತಣ್ಣಗಾಗತದ ಅಂತಾರ, ಖರೇನ?

ಹೊಸ್ತಿಲು

ಯಾವ ಮಾತಾದರೂ ಆದೀತು, ಎಲ್ಲರದೂ ಒಂದೇ ಇರಲಿ. ಮಕ್ಕಳ ಬಾಯಲ್ಲಿ ಬರುವುದನ್ನೇ ಇಟ್ಟುಕೊಳ್ಳಿ: ಕುಂದ್ರು, ಬಾ, ಜಾಗಾ, ಬಿಡು. ನಾಲ್ಕೇ ಸಾಕು, ಫ್ರಿಜ್ ಮೇಲೆ ಬರೆದು ಅಂಟಿಸಿ. 'ಬಾ' ಎಂದು ಕರೆದು ಸ್ನಾನ ಮಾಡಿಸುವುದು, ಬೈಯುವುದು, ಕಟ್ಟಿಹಾಕುವುದು ಮಾಡಬೇಡಿ. ಅಂಥದ್ದಕ್ಕೆ ನೀವೇ ಎದ್ದು ಹೋಗಿ ಹಿಡಿದುಕೊಂಡು ಬನ್ನಿ. ನಾಯಿ ಮಾತಿಗಿಂತ ಕೈಸನ್ನೆಯನ್ನು ಬೇಗ ಹಿಡಿಯುತ್ತದೆ, ಹಾಗಾಗಿ ಪ್ರತಿ ಮಾತಿಗೂ ಒಂದು ಸನ್ನೆ ಗೊತ್ತುಮಾಡಿ. ಅತ್ತೆಯವರ ಅಂಗೈಯೂ ಆ ಲೆಕ್ಕದಲ್ಲೇ ಬರಲಿ.

ಆರು ವರ್ಷದ ಮಗುವಿಗೆ 'ಓಡಬೇಡ' ಎಂದರೆ ನಿಲ್ಲುವುದಿಲ್ಲ, ಅದಕ್ಕೂ ಬದಲಿ ಕೆಲಸ ಬೇಕು. ನಾಯಿ ಜೋರಾಗಿ ಬಂದರೆ ಗಿಡದ ಹಾಗೆ ನಿಂತು ಕೈ ಕಟ್ಟಿ ನೆಲ ನೋಡುವುದು. ನಾಯಿ ಇಲ್ಲದಾಗ ನೀವೇ ನಾಯಿಯಾಗಿ ಓಡಿ ಬಂದು ಆಟದ ಹಾಗೆ ಅಭ್ಯಾಸ ಮಾಡಿಸಿ. ತಿನ್ನುವಾಗ, ಮಲಗಿದಾಗ ಮುಟ್ಟುವಂತಿಲ್ಲ, ಕೊರಳು ತಬ್ಬುವಂತಿಲ್ಲ. ತುಣುಕನ್ನು ಕೌದಿಯ ಮೇಲೆ ಎಸೆಯುವ ಕೆಲಸ ಕೊಡಿ, ಆದರೆ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ. ನಾಯಿ ತುಟಿ ನೆಕ್ಕಿಕೊಳ್ಳುತ್ತಿದ್ದರೆ, ನಿದ್ದೆ ಇಲ್ಲದೆ ಆಕಳಿಸಿದರೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಮಗುವನ್ನು ಎಬ್ಬಿಸಿ ಕರೆದುಕೊಳ್ಳಿ. ಒಂಬತ್ತು ವರ್ಷದವರು ಈ ಗುರುತುಗಳನ್ನು ಚೆನ್ನಾಗಿ ಕಲಿಯುತ್ತಾರೆ. ಆದರೂ ಇಬ್ಬರನ್ನೂ ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ.

ಹಗಲು ಪಡಸಾಲೆಯಲ್ಲಿ ಬಿಟ್ಟು ಹೋಗುವುದನ್ನು ನಿಲ್ಲಿಸಿ. 21 ಕೆ.ಜಿ. ನಾಯಿ, ಬಡಿಗೆ ಹಿಡಿದ ಹಿರಿಯರು, ನುಣುಪು ಫರಸಿ, ನೋಡುವವರಿಲ್ಲ. ಇದು ತರಬೇತಿಯ ಮಾತಲ್ಲ, ಗೋಡೆಯ ಮಾತು. ಹಿತ್ತಲಿಗೆ ಹೊಂದಿದ ಕೋಣೆಯೋ ತಗಡಿನ ನೆರಳಿರುವ ಜಾಳಗಿಯ ಗೂಡೋ ಇರಲಿ (ತಗಡಾದರೆ ಮೇಲೆ ಸೋಗೆಯೋ ಗೋಣಿ ಚೀಲವೋ ಹಾಕಿ, ಏಪ್ರಿಲ್‌ನಲ್ಲಿ ಬರಿ ತಗಡಿನ ಕೆಳಗೆ ಬೇಯುತ್ತದೆ). ಮುಂಜಾನೆ ಕೋಲಿನ ಆಟ, ನಡಿಗೆ, ಆಮೇಲೆ ಊಟ, ಆಮೇಲೆ ಆ ಜಾಗ. ಊಟದ ಒಂದು ಪಾಲನ್ನು ಹಿತ್ತಲಿನ ಹುಲ್ಲಿನಲ್ಲಿ ಚೆಲ್ಲಿದರೆ ಹುಡುಕಿ ತಿನ್ನಲು ಹದಿನೈದು-ಇಪ್ಪತ್ತು ನಿಮಿಷ ಹಿಡಿಯುತ್ತದೆ, ಇದು ನಾಯಿಯನ್ನು ದಣಿಸಲು ಒಳ್ಳೆಯದು. ಟೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರನ್ನ ತುಂಬಿ ರಾತ್ರಿ ಫ್ರೀಜರ್‌ನಲ್ಲಿಟ್ಟು ಹೊರಡುವಾಗ ಕೊಡಿ. ಮಧ್ಯಾಹ್ನ ಒಮ್ಮೆ ಯಾರಾದರೂ ಬಂದು ಬಿಡುವ ಏರ್ಪಾಡು ಮಾಡಿ. ಎಂಟೂವರೆ ತಾಸು ಒಂದೇ ಸಮ ಹೆಚ್ಚಾಯಿತು.

ಆಪರೇಷನ್‌ನಿಂದ ಊರೂರು ತಿರುಗುವುದು, ಕಂಡಲ್ಲಿ ಉಚ್ಚೆ ಹೊಯ್ಯುವುದು ಕಡಿಮೆಯಾಗಬಹುದು. ಜಿಗಿಯುವುದು, ಬೆನ್ನಟ್ಟುವುದು ಅದರಿಂದ ಹೋಗದು. ಆರರಿಂದ ಹದಿನೆಂಟು ತಿಂಗಳ ಪ್ರಾಯದಲ್ಲಿ ಕಲಿತದ್ದೂ ಅಲ್ಲಲ್ಲಿ ಮರೆತಂತೆ ಕಾಣುತ್ತದೆ. ಆಗ ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿಸಿ.

ಕೇಶ್ವಾಪುರ_ಮೂರನೇ_ಮಾಳಗಿ

ಬೊಗಳೋದರ ಬಗ್ಗೆ ಯಾರೂ ಪೂರಾ ಹೇಳಲಿಲ್ಲ. ಹುಬ್ಬಳ್ಳಿ ಅಪಾರ್ಟ್‌ಮೆಂಟಿನಾಗ ಮೊದಲನೇ ತಕರಾರು ಇದ ಇರತದ, ಹಂಗಾಗಿ ಬರೀತೀನಿ.

ನಾಯಿ ಲೆಕ್ಕ ಹೆಂಗದ ಅಂದ್ರ: ಹಾಲಿನವ ಬಂದ, ನಾ ಬೊಗಳಿದೆ, ಅವ ಹೋದ. ದಿನಾ ಗೆಲ್ಲೋ ಆಟ ಅದು ಯಾಕ ಬಿಡಬೇಕು? 'ಸುಮ್ನಿರು' ಅಂತ ನೀವು ಕೂಗಿದ್ರ ನೀವೂ ಜೊತಿಗೆ ಬೊಗಳಿದಂಗ ಅದಕ್ಕ ಕೇಳತದ. ಪೂರಾ ನಿಲ್ಲಸೋದು ಬ್ಯಾಡ. ಎರಡು-ಮೂರು ಸಲ ಬೊಗಳಿ ಕೌದಿಗೆ ಹೋಗಬೇಕು, ಇಷ್ಟು ಸಾಕು. ಕಳ್ಳರಿಗೂ ಕೇಳತದ, ಬಾಜೂ ಮನಿಯವರಿಗೂ ತ್ರಾಸಿಲ್ಲ. ಮೊಬೈಲಿನಾಗ ನಿಮ್ಮ ಗಂಟಿ ಸದ್ದು ರೆಕಾರ್ಡ್ ಮಾಡಿ, ಕೇಳೂದೋ ಇಲ್ಲೋ ಅನ್ನೋವಷ್ಟು ಸಣ್ಣಗ ಹಚ್ರಿ, ಸದ್ದು ಬಂದ ಕೂಡಲೆ ಕೌದಿ ಮ್ಯಾಲ ಪನೀರ್ ಹಾಕ್ರಿ. ಸದ್ದು ಮೊದಲು, ಪನೀರ್ ಆಮ್ಯಾಲೆ. ತಿರುಗಾ ಆದ್ರ ಕಲಿಯಂಗಿಲ್ಲ. ಗಂಟಿ ಕೇಳಿ ತಾನ ಕೌದಿ ಕಡೆ ತಿರುಗಿದಾಗ ಸದ್ದು ಒಂದು ಗೆರಿ ಏರಸ್ರಿ. ರಸ್ತೆ ಕಾಣೋ ಕಿಡಕಿಗೆ ಕೆಳಗಿನ ಅರ್ಧಕ್ಕ ಹಾಳಿ ಹಚ್ಚಿದ್ರ ಅರ್ಧ ಬೊಗಳೋದು ಅವತ್ತೇ ಕಡಿಮಿ ಆಗತದ. ಶುರುವಿನ್ಯಾಗ ಕೆಲವು ದಿನ ಇನ್ನೂ ಜಾಸ್ತಿ ಬೊಗಳಬಹುದು, ಹಳೇ ಉಪಾಯ ನಡೀವಲ್ದಲ್ಲಾ ಅಂತ ಜೋರು ಮಾಡಿ ನೋಡತದ. ಭಾಳ ಮಂದಿ ಅಲ್ಲೇ ಕೈ ಬಿಡತಾರ.

ಗಣಪತಿ ಮೆರವಣಿಗಿ, ದೀಪಾವಳಿ ಪಟಾಕಿ ಹೊತ್ತಿನ್ಯಾಗ ಇದ್ಯಾವದೂ ಕಲಿಸಾಕ ಹೋಗಬ್ಯಾಡ್ರಿ. ಒಳಗಿನ ಖೋಲಿ, ಕಿಡಕಿ ಬಂದ್, ಫ್ಯಾನ್ ಸದ್ದು, ಜೊತಿಗೆ ಒಬ್ಬರು. ನಡಗೋ ನಾಯಿಗೆ ಪನೀರ್ ಕೊಟ್ಟರ ಅಂಜಿಕಿ ಜಾಸ್ತಿ ಆಗತದ ಅನ್ನೋದು ಸುಳ್ಳು, ಕೊಡ್ರಿ. ಭಾಳ ಅಂಜೋದಿದ್ರ ಹಬ್ಬದ ಮುಂಚೆನ ಪಶುವೈದ್ಯರನ್ನ ಕೇಳ್ರಿ, ಔಷಧ ಅಂಗಡ್ಯಾಗ ಕೇಳಿ ನಿದ್ದಿ ಗುಳಗಿ ತಂದು ಹಾಕಬ್ಯಾಡ್ರಿ.

ಮಾಳಮಡ್ಡಿ_ಪಡಸಾಲಿ

ಎಲ್ಲಾರಿಗೂ ಥ್ಯಾಂಕ್ಸ್. ಜಾಳಗಿ ಮಾಡಸಾಕ ವೆಲ್ಡಿಂಗ್‌ದವರಿಗೆ ಹೇಳೇವಿ, ಐದೂವರೆ ಅಡಿ. ಇನ್ನೊಂದು: ಹಗ್ಗ ಹಾಕಿ ಹೊಂಟ್ರ ಹಿಂದಕ್ಕ ಜಗ್ಗಿ ಕಾಲರ್‌ನಿಂದ ತಲಿ ಕಳಚಿಕೋತದ. ಬಿಗಿ ಮಾಡಿದ್ರ ಕೆಮ್ಮತದ. ಚೋಕ್ ಚೈನ್ (ಜಗ್ಗಿದ್ರ ಕೊರಳು ಬಿಗಿಯೋ ಸರಪಳಿ) ಹಾಕಬೇಕೇನು?

ಎರಿಹೊಲ_ಗದಗ

ಚೋಕ್ ಚೈನ್ ಬ್ಯಾಡ್ರಿ ಅಕ್ಕಾರ, ಈ ಜಾತಿ ಕೊರಳ ತೊಗಲು ತೆಳುವು. ಇವುಕ್ಕ ತಲಿ ಸಣ್ಣದು, ಕೊರಳು ತಲಿಯಷ್ಟ ದಪ್ಪ, ಸಾದಾ ಕಾಲರ್ ಹಿಂದಕ್ಕ ಜಗ್ಗಿದ್ರ ಜಾರೇ ಜಾರತೈತಿ. ಮಾರ್ಟಿಂಗೇಲ್ ಕಾಲರ್ ಅಂತ ಕೇಳ್ರಿ. ಎರಡು ಕುಣಿಕಿ ಇರ್ತಾವು, ಜಗ್ಗಿದಾಗ ಸಣ್ಣ ಕುಣಿಕಿ ಬಿಗಿದು ಒಂದು ಅಳತಿಗೆ ನಿಂದರತೈತಿ, ಉಸಿರು ಕಟ್ಟಂಗಿಲ್ಲ. ಅಗಲ ಒಂದೂವರೆ ಇಂಚಿಗೆ ಕಮ್ಮಿ ಬ್ಯಾಡ. ಟೇಪ್ ತಗೊಂಡು ಎರಡು ಕಡೆ ಅಳೀರಿ: ಕಿವಿ ಹಿಂದ ಕೊರಳ ಮ್ಯಾಲ್ಭಾಗ, ಆಮ್ಯಾಲ ಕಿವಿ ಮುಂದ ತಲಿ ಭಾಳ ಅಗಲ ಇರೋ ಜಾಗ. ಪೂರಾ ಸಡಲಿದಾಗ ತಲಿ ಮ್ಯಾಲಿಂದ ಇಳೀಬೇಕು, ಪೂರಾ ಬಿಗಿದಾಗ ಕೊರಳ ಅಳತಿಗೆ ಬರಬೇಕು, ದೊಡ್ಡ ಕುಣಿಕಿ ತುದಿಗಿರೋ ಎರಡೂ ಬಳಿ ಒಂದಕ್ಕೊಂದು ಮುಟ್ಟಬಾರದು. ಮುಟ್ಟಿದ್ರ ಕಾಲರ್ ದೊಡ್ಡದಾತು ಅಂತ ಅರ್ಥ. ಹಗ್ಗ ಆರು ಅಡಿ ಸಾದಾದ್ದ ಇರ್ಲಿ, ಗುಂಡಿ ಒತ್ತಿದ್ರ ಉದ್ದ ಬಿಡೋದು ಬ್ಯಾಡ, ಹದಿನೈದು ಅಡಿ ಓಟಕ್ಕ ಸಿಕ್ರ ನಿಮ್ಮ ಭುಜಾನೂ ಅದರ ಕೊರಳೂ ಎರಡೂ ಹೋಗತಾವ. ಮನ್ಯಾಗ, ಜಾಳಗ್ಯಾಗ ಒಂದ ಇದ್ದಾಗ ಮಾರ್ಟಿಂಗೇಲ್ ಬಿಚ್ಚಿ ಇಡ್ರಿ, ಸಣ್ಣ ಕುಣಿಕಿ ತಂತಿಗೆ ಸಿಗೇ ಬೀಳತೈತಿ.